ಸವಾರ ಕಾಣದ ಕುದುರೆ

॥ ರಾಮಕೃಷ್ಣ ಹರಿ ॥
ಅಂಕಲಿ, ತಾ. ಚಿಕ್ಕೋಡಿ
೧೨ ಫೆಬ್ರುವರಿ ೨೦೨೫, ಮಾಘ ಹುಣ್ಣಿಮೆ

ಜ್ಞಾನದೇವ ಅಣ್ಣನಿಗೆ,

ಯಾರ ಅಕ್ಷರವೆಂದು ಲಕೋಟೆ ತಿರುಗಿಸಿ ನೋಡಬೇಡ. ನಿನ್ನ ತಂಗಿ ಅಕ್ಕುತಾಯಿಯದೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ ಹೀಗೇ ಇರುತ್ತದೆ. ಹದಿಮೂರು ವರ್ಷದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನಡುವೆ ಸಮಾಧಾನನ ಲಗ್ನಪತ್ರಿಕೆ ಕಳಿಸಿದ್ದೆ, ಆದರೆ ಅದು ಅಚ್ಚಿನದು. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳಿದರೆ ನನ್ನ ಮಾತು ಬೇರೆ ಕಡೆ ಹೋಗುತ್ತದೆ. ಕಾಗದವಾದರೆ ಸಿಟ್ಟು ಬಂದಾಗ ಪೆನ್ನು ಕೆಳಗಿಟ್ಟು ನೀರು ಕುಡಿದು ಬರಬಹುದು.

ವಿಷಯ ನನ್ನ ಮೊಣಕಾಲಿನದು. ಶಾಲೆಯ ಬಿಸಿಯೂಟದ ಒಲೆ ಮುಂದೆ ಹದಿನಾರು ವರ್ಷ ನಿಂತಿದ್ದೇನೆ, ಪ್ರತಿ ಆಷಾಢಕ್ಕೆ ಆಳಂದಿಯಿಂದ ಪಂಢರಪುರಕ್ಕೆ ಹದಿನೆಂಟು ದಿನ ನಡೆದಿದ್ದೇನೆ. ಬಲಗಾಲಿನ ಮೊಣಕಾಲು ಹೋಗಿದೆ, ಎಡಗಾಲಿನದು ಹೋಗುತ್ತಿದೆ. ಚಿಕ್ಕೋಡಿಯ ಡಾಕ್ಟರರು ಫೋಟೋ ಬೆಳಕಿಗೆ ಹಿಡಿದು, "ಬಾಯಿ, ಈ ವರ್ಷ ನಡದ್ರ ಮುಂದಿನ ವರ್ಷ ಕೋಲು ಹಿಡೀತೀರಿ" ಎಂದರು. ಸಮಾಧಾನ, "ಅವ್ವ, ಈಗ ಮೊಬೈಲಿನ್ಯಾಗ ವಿಠ್ಠಲ ಬರ್ತಾನ. ಕುಂತಲ್ಲೇ ದರ್ಶನ ತಗೋ" ಎನ್ನುತ್ತಾನೆ. ಸೊಸೆ ನೀಲಮ ನನ್ನ ಚಪ್ಪಲಿಯನ್ನೇ ನೋಡುತ್ತಾಳೆ.

ನಾನು ನಡೆಯಲೋ, ಬಿಡಲೋ? ಇದನ್ನು ನಿನಗೇ ಕೇಳುವುದಕ್ಕೆ ಕಾರಣವಿದೆ. ಅಪ್ಪ ಪಂಢರಪುರದಲ್ಲಿ ಕಣ್ಣು ಮುಚ್ಚಿದ ವರ್ಷ ನೀನು ಮೂರನೇ ದಿನ ಬಂದೆ. ಆಕಾಶಕ್ಕೆ ಬಿಟ್ಟ ನಿಮ್ಮ ಉಪಗ್ರಹದ ಮೊದಲ ದಿನಗಳು, ರಜೆ ಸಿಗಲಿಲ್ಲ. ಬಾಗಿಲಲ್ಲಿ ನಿಂತು ನೀನು ಕೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಎಪ್ಪತ್ತಾರರ ಮುದುಕನ್ನ ನಡಸಿದೇನ? ಟೀವಿಯೊಳಗ ನೋಡಿದ್ರ ದೇವರು ಬ್ಯಾರೆ ಆಗ್ತಿದ್ದನೇನು?" ನಾನು, "ಹಂಗಾದ್ರ ಅಪ್ಪನ ಮಣ್ಣೂ ನೀ ಟೀವಿಯೊಳಗ ನೋಡಬೇಕಿತ್ತು" ಎಂದೆ. ನಿನ್ನ ಮಾತಿಗೆ ಬೇರೊಂದು ಉತ್ತರವೂ ನನ್ನ ಹತ್ತಿರ ಇತ್ತು. ಕೊಡಲಿಲ್ಲ.

ಹೋಗದೆ ನೋಡುವುದು ನಿನ್ನ ಜೀವಮಾನದ ಕೆಲಸ. ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ. ನೀನು ಹೇಳಿದಂತೆ ಮಾಡುತ್ತೇನೆ, ತುಳಸಿ ಮಾಲೆ ಮುಟ್ಟಿ ಹೇಳುತ್ತೇನೆ.

ಇನ್ನೊಂದು. ನಿನ್ನ ಆ ಉಪಗ್ರಹ ಇನ್ನೂ ನಡೆಯುತ್ತಿದೆಯೇ? ಅದನ್ನು ತಪ್ಪದೆ ಬರೆ.

ತಂಗಿ,
ಅಕ್ಕುತಾಯಿ


ನಿಯಂತ್ರಣ ಕೇಂದ್ರದ ವಸತಿಗೃಹ
೩ ಮಾರ್ಚ್ ೨೦೨೫

ಅಕ್ಕೂ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ. ಮೊಣಕಾಲಿನ ಪ್ರಶ್ನೆಗೆ ಇಂದು ಉತ್ತರ ಕೊಡಲಾರೆ. ಏಕೆಂದರೆ ಅದೇ ಪ್ರಶ್ನೆ ನನ್ನ ಮೇಜಿನ ಮೇಲೂ ಬಿದ್ದಿದೆ.

ಉಪಗ್ರಹ ನಡೆಯುತ್ತಿದೆ. ಐದು ವರ್ಷಕ್ಕೆಂದು ಮಾಡಿದ್ದು, ಹದಿಮೂರು ನಡೆದಿದೆ. ಬೆಳೆ, ಕೆರೆ, ಕೃಷ್ಣೆಯ ನೆರೆ ಎಲ್ಲದರ ಚಿತ್ರ ಕಳಿಸುತ್ತದೆ. ಅದರೊಳಗೆ ನಾಲ್ಕು ಸಣ್ಣ ಗಾಲಿಗಳು ಗರಗರ ತಿರುಗುತ್ತಿರುತ್ತವೆ. ಅವು ತಿರುಗುವ ಬಲದಲ್ಲೇ ಅದು ಮುಖ ಆಚೆ ಈಚೆ ಹೊರಳಿಸುವುದು. ಒಂದು ಗಾಲಿ ಆರು ವರ್ಷದ ಹಿಂದೆ ನಿಂತಿತು. ಈಗ ಇನ್ನೊಂದು ಬಿಗಿಯಾಗುತ್ತಿದೆ. ಇಂಧನವೂ ತಳ ಕಂಡಿದೆ.

ಮೇ ತಿಂಗಳ ಕೊನೆಗೆ ನನ್ನ ನಿವೃತ್ತಿ. ಅದಕ್ಕೆ ಮೊದಲು ನಾನು ಅಭಿಪ್ರಾಯ ಬರೆದುಕೊಡಬೇಕು: ಇದನ್ನು ಸಾಯುವ ತನಕ ದುಡಿಸುವುದೋ, ನಿಲ್ಲಿಸುವುದೋ. ಅದನ್ನು ಚೆನ್ನಾಗಿ ಬಲ್ಲವನು ನಾನೊಬ್ಬನೇ ಉಳಿದಿದ್ದೇನೆಂದು ನನ್ನನ್ನು ಕೇಳಿದ್ದಾರೆ. ನಾನೋ, ಅದನ್ನು ಬರೆಯಲು ಕೈ ಬಾರದೆ ಕೂತಿದ್ದೇನೆ.

ಕಾಲಿಗೆ ಬಿಸಿ ಎಣ್ಣೆ ತಿಕ್ಕು.

ಜ್ಞಾನದೇವ


॥ ರಾಮಕೃಷ್ಣ ಹರಿ ॥
ಅಂಕಲಿ
೧೬ ಮಾರ್ಚ್ ೨೦೨೫

ಅಣ್ಣಾ,

ಗಾಲಿ ಬಿಗಿಯಾಗಿದೆ ಎಂದು ಓದಿ ನೀಲಮಳ ಮುಂದೆ ಹೇಳಿದೆ, "ಕೀಲೆಣ್ಣಿ ಹಾಕಿಲ್ಲ ಇವರು." ಅವಳು ಬಿದ್ದು ಬಿದ್ದು ನಕ್ಕಳು. "ಅತ್ತಿ, ಅದೇನು ಚಕ್ಕಡಿ ಏನ್ರಿ?" ಎಂದಳು. ಹುಚ್ಚಿಯ ಹಾಗೆ ಕೇಳುತ್ತೇನೆ, ನಗಬೇಡ. ಹೋಗುವಾಗಲೇ ಹದಿಮೂರು ವರ್ಷಕ್ಕೆ ಸಾಲುವಷ್ಟು ಎಣ್ಣೆ ಹಾಕಿ ಕಳಿಸಬಾರದಿತ್ತೇ?

ಐದು ವರ್ಷದ ಬಾಳಿಕೆಯದು ಹದಿಮೂರು ವರ್ಷ ನಡೆಯಿತೆಂದರೆ ಸಣ್ಣ ಮಾತೇ? ನಾನು ಕೊಂಡ ಮಿಕ್ಸರ್ ಎರಡು ವರ್ಷಕ್ಕೆ ಸುಟ್ಟಿತು, ರಿಪೇರಿಯವನು ಎದುರಿಗೇ ಇದ್ದ. ನಿಮ್ಮದನ್ನು ಮುಟ್ಟುವವರಿಲ್ಲ, ಬಿಚ್ಚುವವರಿಲ್ಲ. ಬಿಸಿಲು ಥಂಡಿ ತಿಂದುಕೊಂಡು ಒಂದೇ ಸಮ ಸುತ್ತಿ, ಒಂದು ಗಾಲಿ ನಿಂತ ಮೇಲೂ ಮೂರರ ಮೇಲೆ ಕೆಲಸ ಮಾಡಿತು. ಇದನ್ನು ಮಾಡಿದ ಕೈಗಳಿಗೆ ಒಂದು ನಮಸ್ಕಾರ. ನಿನ್ನದೂ ಅದರಲ್ಲಿ ಬಂತು.

ಮೊನ್ನೆ ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಗೋಡೆಯ ಮೇಲೆ ರಾಕೆಟ್ ತೋರಿಸುತ್ತಿದ್ದರು. ನಾನು ಸಾರಿನ ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ಮಾಸ್ತರರು, "ಇದು ಮಾನವರಹಿತ" ಎಂದರು. ನಾಲ್ಕನೇ ಇಯತ್ತೆಯ ಮಾಯಾ ಕೇಳಿದಳು, "ಸರ್, ಅಂದ್ರ ಖಾಲಿ ಹೋಗ್ತೈತೇನ್ರಿ?"

ಖಾಲಿ ಎಂದ ತಕ್ಷಣ ನನಗೆ ನೀನು ನೆನಪಾದೆ. ಆಳಂದಿಯ ಸಂತ ಜ್ಞಾನೇಶ್ವರ ಮಾವುಲಿಯ ಪಲ್ಲಕ್ಕಿಯ ಜೊತೆ ನಡೆಯಲು ನಮ್ಮ ಅಂಕಲಿಯಿಂದ ಎರಡು ಕುದುರೆ ಹೊರಡುತ್ತವಲ್ಲ. ಒಂದರ ಮೇಲೆ ನಿಶಾನೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಕೂರುವಂತಿಲ್ಲ, ಅದರ ಮೇಲೆ ಮಾವುಲಿ ಇರುತ್ತಾರೆ. ಆಗ ನಿನಗೆ ಹನ್ನೆರಡಿರಬೇಕು, ನಾನು ಅಪ್ಪನ ಹೆಗಲ ಮೇಲೆ. ಅಪ್ಪ ಎಷ್ಟೋ ಸಲ ಹೇಳಿ ನನಗೆ ಕಣ್ಣಾರೆ ಕಂಡಂತಾಗಿದೆ. ನೀನು ಊರ ಅಗಸಿಬಾಗಿಲಲ್ಲಿ ನಿಂತು, "ಅಪ್ಪಾ, ಖಾಲಿ ಕುದುರಿ ಬಂತು!" ಎಂದು ಕೂಗಿದೆ. ಅಪ್ಪ ನನ್ನನ್ನು ಕೆಳಗಿಳಿಸಿ ನಿನ್ನ ಕೆನ್ನೆಗೆ ಒಂದು ಕೊಟ್ಟ. "ಖಾಲಿ ಅನ್ನಬ್ಯಾಡಲೇ. ಕಣ್ಣಿಗೆ ಕಾಣದಿದ್ರ ಯಾರೂ ಇಲ್ಲ ಅಂತೇನು?" ನೀನು ಅಳಲಿಲ್ಲ. ಕುದುರೆ ಆಚೆ ಹೋಗುವ ತನಕ ಅದರ ಬೆನ್ನನ್ನೇ ನೋಡುತ್ತ ನಿಂತಿದ್ದೆ. ಅವತ್ತಿನಿಂದಲೇ ನೀನು ಈ ಕೆಲಸಕ್ಕೆ ಹೊರಟೆ ಎಂದು ನನಗೆ ಅನ್ನಿಸುತ್ತದೆ.

ಮಾಯಾಳಿಗೆ ನಾನೇ ಹೇಳಿದೆ, ಖಾಲಿ ಅಲ್ಲ, ಅದರೊಳಗೆ ನಮ್ಮ ಅಣ್ಣ ಇದ್ದಾನೆ ಎಂದು. ಅವಳು ನಂಬಿದಳು.

ನನ್ನ ಪ್ರಶ್ನೆ ಹಾಗೇ ಇದೆ.

ಅಕ್ಕುತಾಯಿ


ನಿಯಂತ್ರಣ ಕೇಂದ್ರದ ವಸತಿಗೃಹ
೯ ಏಪ್ರಿಲ್ ೨೦೨೫

ಅಕ್ಕೂ,

ನಿನ್ನ ಕೀಲೆಣ್ಣೆಯ ಸಾಲನ್ನು ಸಭೆಯಲ್ಲಿ ಓದಿದೆ. ಮೊದಲು ಎಲ್ಲರೂ ನಕ್ಕರು, ಆಮೇಲೆ ಮತ್ತೊಮ್ಮೆ ಓದಿಸಿದರು. ನಮ್ಮ ರೋಗ ಅದೇ. ಗಾಲಿಯ ಅಚ್ಚಿನಲ್ಲಿ ಹಾಕಿ ಕಳಿಸಿದ ಎಣ್ಣೆ ವರ್ಷ ಕಳೆದಂತೆ ಒಣಗುತ್ತದೆ. ಮೂರು ತಿಂಗಳು ಅಂಕಿಅಂಶ ನೋಡಿ ನಾವು ಮುಟ್ಟಿದ ಜಾಗಕ್ಕೆ ನೀನು ಅಂಕಲಿಯಲ್ಲಿ ಕೂತು ಬಂದೆ.

ಇಲ್ಲಿ ಕೋಮಲ ಎಂಬ ಹುಡುಗಿ ಇದ್ದಾಳೆ, ನಿಪ್ಪಾಣಿ ಕಡೆಯವಳು, ಮನುಷ್ಯರನ್ನು ಕಳಿಸುವ ಯೋಜನೆಯಲ್ಲಿ ಕೆಲಸ. ಊಟದ ಹೊತ್ತಿಗೆ ನನಗೂ ಅವಳಿಗೂ ದಿನಾ ಜಗಳ. ನಾನು ಹೇಳುವುದು ಇಷ್ಟು: ಯಂತ್ರಕ್ಕೆ ಗಾಳಿ ಬೇಡ, ನೀರು ಬೇಡ, ತಿರುಗಿ ಬರಬೇಕೆಂಬ ಆಸೆ ಇಲ್ಲ. ಅದು ಕೆಟ್ಟರೆ ಯಾವ ತಾಯಿಯೂ ಅಳುವುದಿಲ್ಲ. ಒಬ್ಬ ಮನುಷ್ಯನನ್ನು ಸುರಕ್ಷಿತ ಕಳಿಸಿ ತರುವ ಶ್ರಮದಲ್ಲಿ ಹತ್ತು ಯಂತ್ರ ಹತ್ತು ಕಡೆ ಹೋಗುತ್ತವೆ. ಅವಳು ಬಿಡುವುದಿಲ್ಲ. "ಸರ್, ನಿಮ್ಮ ಯಂತ್ರ ಹೇಳಿದ ಕಲ್ಲಷ್ಟೇ ಎತ್ತತೈತಿ. ಮನುಷ್ಯಾ ನಡಕೋತ ಹೋಗಿ, ತಡಿ, ಈ ಕಲ್ಲಿನ ಬಣ್ಣ ಯಾಕೋ ಬ್ಯಾರೆ ಐತಿ ಅಂತ ಬಗ್ಗತಾನ. ಆ ಬಗ್ಗೂದನ್ನ ಹೆಂಗ ಕಲಸ್ತೀರಿ?" ಆಗ ನಾನು ಮಜ್ಜಿಗೆ ಕುಡಿಯುತ್ತೇನೆ.

ಹಳೆಯದರ ಬಗ್ಗೆ ಕೇಳಿದ್ದರಿಂದ ಒಂದು ಹೇಳುತ್ತೇನೆ. ವಾಯೇಜರ್ ಎಂಬ ಅಮೆರಿಕದವರ ನೌಕೆ ೧೯೭೭ರಲ್ಲಿ ಹೊರಟಿದ್ದು, ನಿನಗಿಂತ ಎರಡು ವರ್ಷ ಚಿಕ್ಕದು. ಗ್ರಹಗಳನ್ನೆಲ್ಲ ದಾಟಿ ಹೋಗಿದೆ. ಅಲ್ಲಿಗೆ ಒಂದು ಮಾತು ಮುಟ್ಟಲು ಸುಮಾರು ಇಪ್ಪತ್ತಮೂರು ತಾಸು, ಉತ್ತರ ಬರಲು ಮತ್ತೆ ಅಷ್ಟೇ. ಶಕ್ತಿ ಕಡಿಮೆಯಾದಂತೆ ಅದರ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಬಂದಿದ್ದಾರೆ. ಮಾತೊಂದು ಉಳಿಯಲಿ ಎಂದು. ಕಳಿಸಿದವರಲ್ಲಿ ಎಷ್ಟೋ ಜನ ಈಗಿಲ್ಲ. ಅವರ ಮೊಮ್ಮಕ್ಕಳ ವಯಸ್ಸಿನವರು ಹಳೆಯ ಕಾಗದ ಹುಡುಕಿ ಓದಿ ಅದರ ಜೊತೆ ಮಾತಾಡುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮಿಬ್ಬರ ಹದಿಮೂರು ವರ್ಷಕ್ಕೆ ಯಾವ ನೆಪವೂ ಇಲ್ಲ.

ಕೋಮಲಳಿಗೂ ನನಗೂ ನ್ಯಾಯ ನೀನೇ ಹೇಳು.

ಜ್ಞಾನದೇವ


॥ ರಾಮಕೃಷ್ಣ ಹರಿ ॥
ಅಂಕಲಿ
೨೭ ಏಪ್ರಿಲ್ ೨೦೨೫

ಅಣ್ಣಾ,

ಆ ದೂರದ ನೌಕೆಯ ಸುದ್ದಿ ಓದಿದ ದಿನ ದೇವರ ಮುಂದೆ ದೀಪ ಹಚ್ಚುವಾಗ ಅದರ ಹೆಸರಿನಲ್ಲೂ ಒಂದು ಬತ್ತಿ ಇಟ್ಟೆ. ಯಾರ ಊರಿನದಾದರೇನು, ನಡೆಯುತ್ತಿರುವುದಕ್ಕೆ ನಮಸ್ಕಾರ ಮಾಡಬೇಕು.

ನ್ಯಾಯ ಕೇಳಿದ್ದೀಯ. ನನಗೆ ತಿಳಿದದ್ದು ಪಂಢರಪುರ ಒಂದೇ, ಅದನ್ನೇ ಹೇಳುತ್ತೇನೆ. ಅಲ್ಲಿ ಎರಡು ಸಾಲು. ಮುಖದರ್ಶನದ ಸಾಲಿನಲ್ಲಿ ನಿಂತರೆ ದೂರದಿಂದ ವಿಠ್ಠಲನ ಮುಖ ಕಂಡು ಬೇಗ ಹೊರಗೆ ಬರುತ್ತೀಯ. ಪಾದ ಮುಟ್ಟುವ ಸಾಲಿನಲ್ಲಿ ಹಗಲೆಲ್ಲ ನಿಲ್ಲಬೇಕು, ಕಾಲು ಬಾತು ಹೋಗುತ್ತವೆ, ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾವುದು ಹೆಚ್ಚು? ಒಂದು ವರ್ಷ ನಾನು ಗಡಿಬಿಡಿಯಲ್ಲಿ ಸಾಲು ತಪ್ಪಿ ಮುಖದರ್ಶನದಲ್ಲಿ ನಿಂತುಬಿಟ್ಟೆ. ಅಳು ಬಂತು. ಆದರೆ ಪಾದಕ್ಕೆ ಬಗ್ಗಿದವರಿಗೆ ಮುಖ ಕಾಣುವುದಿಲ್ಲ ಅಣ್ಣ. ತಲೆ ಕೆಳಗಿರುತ್ತದೆಯಲ್ಲ. ಆ ವರ್ಷವೇ ನಾನು ಅವನ ಮುಖವನ್ನು ಸರಿಯಾಗಿ ನೋಡಿದ್ದು.

ನಿನ್ನ ಯಂತ್ರದ್ದು ಮುಖದರ್ಶನ, ಕೋಮಲಳದು ಪಾದದ ಸಾಲು. ಒಂದು ಇದ್ದರೆ ಇನ್ನೊಂದು ಬೇಡ ಎಂದು ಪಂಢರಪುರದಲ್ಲಿ ಯಾರೂ ಹೇಳುವುದಿಲ್ಲ. ರಿಂಗಣದಲ್ಲಿಯೂ ಹಾಗೆಯೇ. ಭಜನೆಯ ಜನದ ನಡುವೆ ಕುದುರೆಗಳನ್ನು ಓಡಿಸುವಾಗ ಸವಾರನದು ಮುಂದೆ ಹೋಗಿ ದಾರಿ ತೋರುತ್ತದೆ, ಮಾವುಲಿಯದು ಹಿಂದೆ ಹಾರಿ ಬರುತ್ತದೆ. ನಿಮ್ಮಲ್ಲಿ ಉಲ್ಟಾ, ಸವಾರ ಇಲ್ಲದ್ದು ಮೊದಲು ಹೋಗಿ ದಾರಿ ನೋಡುತ್ತದೆ. ಎರಡೂ ಒಂದೇ ಲಾಯದಿಂದ ಹೊರಟವು, ಒಂದೇ ಕಡೆಗೆ ಹೊರಟವು. ಕೋಮಲಳಿಗೆ ಇಷ್ಟು ಹೇಳು: ಮನುಷ್ಯರನ್ನು ಕಳಿಸುವುದಾದರೆ ತಿರುಗಿ ಬರುವ ದಾರಿಯನ್ನು ಮೊದಲು ಕಟ್ಟಲಿ. ತಾಯಂದಿರು ಅಗಸಿಯಲ್ಲಿ ನಿಂತಿರುತ್ತಾರೆ.

ನನ್ನ ನ್ಯಾಯ ಮುಗಿಯಿತು. ಈಗ ನಿನ್ನದು. ಕುದುರೆಗಳು ಜೂನಿನಲ್ಲಿ ಹೊರಡುತ್ತವೆ. ಗುಂಪು ಕಟ್ಟಿ ನಡೆಯುವ ನಮ್ಮ ದಿಂಡಿಯವರು ನನ್ನ ಹೆಸರು ಬರೆದುಕೊಳ್ಳಲೋ ಬೇಡವೋ ಎಂದು ಕೇಳಿ ಹೋದರು. ನನ್ನ ಕಾಲು ಏನೆನ್ನುತ್ತದೆ ನನಗೆ ಗೊತ್ತು. ನನಗೆ ಬೇಕಾದದ್ದು ನಿನ್ನ ಮಾತು. ಅದರ ಜೊತೆ, ಆ ಉಪಗ್ರಹಕ್ಕೆ ಏನು ಬರೆದುಕೊಟ್ಟೆ ಎಂಬುದೂ.

ಅಕ್ಕುತಾಯಿ


ನಿಯಂತ್ರಣ ಕೇಂದ್ರದ ವಸತಿಗೃಹ
೩೦ ಮೇ ೨೦೨೫

ಅಕ್ಕೂ,

ನಿಲ್ಲಿಸಬೇಕೆಂದು ಬರೆದುಕೊಟ್ಟೆ. ಇನ್ನೂ ಒಂದು ವರ್ಷ ಎಳೆಯಬಹುದಿತ್ತು. ಆದರೆ ಗಾಲಿ ಪೂರ್ತಿ ಕಚ್ಚಿಕೊಂಡರೆ ಅದು ನಮ್ಮ ಮಾತು ಕೇಳುವುದಿಲ್ಲ. ದಾರಿಯ ನಡುವೆ ದಿಕ್ಕಿಲ್ಲದೆ ಬಿದ್ದಿರುತ್ತದೆ, ಹಿಂದೆ ಬರುವವಕ್ಕೆ ಢಿಕ್ಕಿ ಹೊಡೆಯಬಹುದು. ಕೇಳುವ ಶಕ್ತಿ ಇರುವಾಗಲೇ ಪಕ್ಕಕ್ಕೆ ಕರೆದುಕೊಂಡು ಹೋಗಬೇಕು. ಉಳಿದ ಇಂಧನವನ್ನೆಲ್ಲ ಖರ್ಚು ಮಾಡಿ ಮೂರು ವಾರ ಮೆಲ್ಲಗೆ ಕೆಳಗಿಳಿಸಿದೆವು. ಹೇಳಿದ ಒಂದೊಂದು ಮಾತನ್ನೂ ಕೇಳಿತು.

ನಿನ್ನೆ ಮಧ್ಯಾಹ್ನ ಕೊನೆಯ ಆಜ್ಞೆ ಕಳಿಸಿದವನು ನಾನೇ. ಆಜ್ಞೆ ಇಷ್ಟೇ, ಇನ್ನು ಮಾತಾಡಬೇಡ. ಅದು ಸುಮ್ಮನಾಯಿತು. ಕೋಮಲ ಎದ್ದು ನಿಂತಳು, ಅವಳನ್ನು ನೋಡಿ ಎಲ್ಲರೂ ನಿಂತರು. ಇನ್ನು ಕೆಲವು ವರ್ಷ ಅದು ಸುತ್ತುತ್ತಲೇ ಇರುತ್ತದೆ, ಆಮೇಲೆ ಗಾಳಿಗೆ ತಾಗಿ ಉರಿದುಹೋಗುತ್ತದೆ. ಈಗ ಅಲ್ಲಿ ಏನೂ ಇಲ್ಲ. ಖಾಲಿ.

ನಿನ್ನ ಪ್ರಶ್ನೆಗೆ ಉತ್ತರ: ನಡೆಯಬೇಡ. ನಿನ್ನ ಬದಲು ನಾನು ನಡೆಯುತ್ತೇನೆ. ನನ್ನ ಹೆಸರು ಬರೆಸು. ಜೀವನವಿಡೀ ಯಂತ್ರಗಳನ್ನು ಕಳಿಸಿದ್ದೇನೆ, ಈ ಸಲ ನಾನು ನಿನ್ನ ಯಂತ್ರ. ಎಲ್ಲಿ ನಿಲ್ಲಬೇಕು, ಏನು ನೋಡಬೇಕು, ನೀನು ಹೇಳಬೇಕು. ಕುದುರೆ ಹೊರಡುವ ದಿನಕ್ಕೆ ಅಂಕಲಿಗೆ ಬರುತ್ತೇನೆ. ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಆ ಬಾಗಿಲಲ್ಲೇ ತಿರುಗಿ ಎತ್ತಿಕೊಳ್ಳುವುದಿದೆ.

ಜ್ಞಾನದೇವ


ಫಲಟಣ, ಪಂಢರಪುರದ ದಾರಿ
೨೮ ಜೂನ್ ೨೦೨೫

ಅಕ್ಕೂ,

ಆಜ್ಞೆಯಂತೆ ವರದಿ. ಹಿಮ್ಮಡಿಯಲ್ಲಿ ಮೂರು ಬೊಕ್ಕೆ. ದಿಂಡಿಯ ಮಲಕಾರಿಮಾವ ನನ್ನ ಬೂಟು ನೋಡಿ, "ಸಾಹೇಬ, ಇದನ್ನ ಹಾಕ್ಕೊಂಡು ಚಂದ್ರನ ಮ್ಯಾಲೆ ಹೋಗ್ರಿ. ಇಲ್ಲಿಗೆ ಚಪ್ಪಲಿ ಸಾಕು" ಎಂದ. ತನ್ನ ಹಳೆಯ ಜೋಡು ಕೊಟ್ಟ.

ಮೊನ್ನೆ ನಮ್ಮ ದೇಶದವನೊಬ್ಬ ಆಕಾಶದ ನಿಲ್ದಾಣ ತಲುಪಿದ. ಆ ನಿಲ್ದಾಣವೂ ಹಳೆಯದೇ, ಇಪ್ಪತ್ತೈದು ವರ್ಷ ದಾಟಿದೆ. ಅಲ್ಲಲ್ಲಿ ಗಾಳಿ ಸೋರುತ್ತದೆ, ತೇಪೆ ಹಾಕಿಕೊಂಡು ಸಂಸಾರ ಮಾಡುತ್ತಾರೆ. ಸುದ್ದಿ ಕೇಳಿ ದಿಂಡಿಯವರು ಅವನ ಹೆಸರಿನಲ್ಲಿ ಒಂದು ಭಜನೆ ಹೆಚ್ಚು ಹಾಡಿದರು. ನಾನೂ ತಾಳ ಹಾಕಿದೆ. ಕೋಮಲಳಿಗೆ ಹೇಳಬೇಡ.

ನಿನ್ನೆ ರಿಂಗಣ. ಎರಡು ಸಾಲು ಜನದ ನಡುವೆ ಸವಾರನ ಕುದುರೆ ಹೋಯಿತು. ಹಿಂದೆ ಅದು ಬಂತು. ನೆಲ ನಡುಗಿದ್ದು ಅಂಗಾಲಿಗೆ ತಿಳಿಯಿತು. ಅದು ಹೋದ ಮೇಲೆ ಎಲ್ಲರೂ ಗೊರಸಿನ ಮಣ್ಣಿಗೆ ಬಿದ್ದರು. ಹದಿಮೂರು ವರ್ಷ ಇದೇ ನೆಲದ ಚಿತ್ರ ಮೇಲಿನಿಂದ ತೆಗೆಸಿದ್ದೇನೆ. ಬಣ್ಣ ನೋಡಿ ತೇವ ಎಷ್ಟೆಂದು ಹೇಳಬಲ್ಲೆ. ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ. ಬಗ್ಗಿ ಹಣೆಗೆ ಹಚ್ಚಿಕೊಂಡೆ. ನಿನ್ನ ಪಾಲಿನದು ಕರವಸ್ತ್ರದಲ್ಲಿದೆ.

ಅಪ್ಪ ಇದಕ್ಕೆ ಯಾಕೆ ಬಂದ ಎಂದು ಇನ್ನು ಕೇಳುವುದಿಲ್ಲ.

ನಿನ್ನ ಯಂತ್ರ,
ಜ್ಞಾನದೇವ


॥ ರಾಮಕೃಷ್ಣ ಹರಿ ॥
ಅಂಕಲಿ
೬ ಜುಲೈ ೨೦೨೫, ಆಷಾಢ ಏಕಾದಶಿ

ಅಣ್ಣಾ,

ನಿನ್ನನ್ನು ಕರೆತರಲು ಸಮಾಧಾನ ಪಂಢರಪುರಕ್ಕೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಸ್ಸಿನಲ್ಲಿ ಓದಬೇಡ. ಚಂದ್ರಭಾಗಾ ನದಿಯ ದಂಡೆಯಲ್ಲಿ ಕೂತು ಓದು.

ಅಪ್ಪ ಯಾಕೆ ಬಂದ ಎಂದು ಕೇಳುವುದಿಲ್ಲ ಎಂದೆಯಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ. ಕೇಳುತ್ತಿದ್ದಾಗ ಹೇಳಲಾಗಲಿಲ್ಲ.

ನಾನು ಅಪ್ಪನನ್ನು ನಡೆಸಲಿಲ್ಲ. ಬೇಡ ಎಂದೆ, ಕಣ್ಣೀರು ಹಾಕಿದೆ, ಅವನ ಚಪ್ಪಲಿಯನ್ನು ಜೋಳದ ಕಣಜದಲ್ಲಿ ಅಡಗಿಸಿಟ್ಟೆ. ಬರಿಗಾಲಲ್ಲೇ ಹೊರಟ. ಕೊನೆಗೆ ನಾನೇ ಅಗಸಿಯ ತನಕ ಓಡಿ ಹೋಗಿ ಚಪ್ಪಲಿ ಕೊಟ್ಟೆ. ಆಗ ಅವನು ಹೇಳಿದ, "ನಮ್ಮ ಜ್ಞಾನು ಮ್ಯಾಲೆ ಒಂದು ಬಿಟ್ಟಾನ. ಹಿಂದಿನದು ಸಮುದ್ರಕ್ಕ ಬಿದ್ದಾಗ ಎರಡು ದಿನ ಅನ್ನ ಮುಟ್ಟಿರಲಿಲ್ಲಂತ. ಐದು ವರ್ಷ ಬಾಳಿಕಿ ಅಂತಾನ. ಐದ ಯಾಕವ್ವ? ಅದು ಮ್ಯಾಲೆ ನಡಿಯೂತನಕ ನಮ್ಮ ಮನ್ಯಾಗಿನವರೊಬ್ಬರು ಕೆಳಗ ನಡೀತೇವಿ ಅಂತ ವಿಠ್ಠಲಗ ಹೇಳೇನಿ."

ಅವನು ನಡೆದದ್ದು ನಿನ್ನ ಯಂತ್ರಕ್ಕಾಗಿ. ದರ್ಶನವಾಗಿ, ಉಪವಾಸದ ಫರಾಳ ತಿಂದು, ಗೋಡೆಗೆ ಒರಗಿ ನಗುತ್ತಿದ್ದಾಗಲೇ ಹೋದ. ನೋವಿನಿಂದ ಹೋದವನಲ್ಲ. ಇದನ್ನು ಅವತ್ತು ಬಾಗಿಲಲ್ಲಿ ಹೇಳಿದ್ದರೆ ನೀನು ನಿನ್ನನ್ನೇ ತಿನ್ನುತ್ತಿದ್ದೆ, ಆ ಯಂತ್ರದ ಮುಖವನ್ನೂ ನೋಡುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದರ ಮೇಲೆ ಬೇಡ ಎಂದುಕೊಂಡೆ. ಮುಂದಿನ ಹನ್ನೆರಡು ವರ್ಷ ಅಪ್ಪನ ಮಾತನ್ನು ನಾನು ನಡೆದೆ, ಕೊರೊನಾ ಬಂದು ಯಾತ್ರೆ ನಿಂತ ಎರಡು ವರ್ಷ ನಮ್ಮ ಅಂಗಳದಲ್ಲೇ ಸುತ್ತಿದೆ. ಇನ್ನೂ ನಡೆಯುತ್ತಿದೆಯೇ ಎಂದು ಮೊದಲ ಕಾಗದದಲ್ಲೇ ಕೇಳಿದ್ದು ಅದಕ್ಕೇ.

ಮೇ ಇಪ್ಪತ್ತೊಂಬತ್ತಕ್ಕೆ ಹರಕೆ ತೀರಿತು. ನಿನ್ನ ಕಾಗದ ಬಂದ ದಿನ ಮೊಣಕಾಲು ನೀಡಿ ಕೂತು, ಹೊಟ್ಟೆ ತುಂಬ ಅತ್ತು, ಹೊಟ್ಟೆ ತುಂಬ ಉಂಡೆ. ಈ ವರ್ಷ ನಮ್ಮ ಮನೆಯಿಂದ ಯಾರೂ ನಡೆಯಬೇಕಾಗಿರಲಿಲ್ಲ. ಆದರೆ ಕುದುರೆ ಹೊರಟ ದಿನ ನೀನು ಬಾಗಿಲಲ್ಲಿ ನಿಂತು ನನ್ನ ಕಾಲು ಮುಟ್ಟಲು ಬಗ್ಗಿದಾಗ ತಡೆಯಲು ಮನಸ್ಸಾಗಲಿಲ್ಲ. ಹಿರಿಯ ಅಣ್ಣ ತಂಗಿಯ ಕಾಲು ಮುಟ್ಟಬಾರದು, ಆದರೂ. ಈ ನಡಿಗೆ ನಿನ್ನದು, ಹರಕೆಯದಲ್ಲ.

ಇವತ್ತು ನೀನು ಮೊಬೈಲಿನಲ್ಲಿ ಗೋಪುರದ ಕಳಸ ತೋರಿಸಿದೆ. ಅರ್ಧ ಹೊತ್ತು ಮಲಕಾರಿಮಾವನ ರುಮಾಲೇ ಕಂಡಿತು. ನೀಲಮ, "ಅತ್ತಿ, ಮಾವಾರಿಗೆ ಇಷ್ಟು ವರ್ಷ ಕ್ಯಾಮರಾ ಯಾರು ಕೊಟ್ಟಿದ್ದರ್ರಿ?" ಎಂದಳು. ಆದರೂ ನನಗೆ ಮುಖದರ್ಶನ ಆಯಿತು. ಪಾದವನ್ನು ನೀನು ಮುಟ್ಟಿ ಬಾ.

ಕೊನೆಗೊಂದು ಮಾತು. ಮೇ ತಿಂಗಳ ಕಾಗದದಲ್ಲಿ ಅದರ ಬಗ್ಗೆ ಒಂದು ಶಬ್ದ ಬರೆದಿದ್ದೀಯ, ನಾನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಅದು ಉರಿದುಹೋಗುವ ತನಕ ನಮ್ಮ ತಲೆಯ ಮೇಲೇ ಸುತ್ತುತ್ತದೆ ಎಂದೆಯಲ್ಲ. ಅದರ ಬೆನ್ನ ಮೇಲೆ ಯಾರು ಕೂತಿದ್ದಾರೆಂದು ಈಗ ನಿನಗೂ ಗೊತ್ತಾಯಿತು. ಇನ್ನು ಮೇಲೆ ಯಾರಾದರೂ ಅದನ್ನು ಖಾಲಿ ಎಂದರೆ, ಅಪ್ಪ ಅಗಸಿಯಲ್ಲಿ ನಿನಗೆ ಕೊಟ್ಟದ್ದನ್ನೇ ಅವರಿಗೆ ಕೊಡು.

ಮಣ್ಣಿನ ಕರವಸ್ತ್ರ ಮರೆಯಬೇಡ.

ತಂಗಿ,
ಅಕ್ಕುತಾಯಿ